ಚಪ್ಪಾಳೆ ಬೇಡ, ನಾಯಿ ಇದೆ

ಮಾನ್ಯ ಅಧ್ಯಕ್ಷರಾದ ಪ್ಲಾಸಿದ್ ಬರೆಟ್ಟೊ ಅವರೇ, ನಮ್ಮ ಚರ್ಚಿನ ಪೂಜ್ಯ ವಿಗಾರರೇ, ಆಚೆ ದಡದಿಂದ ಫೆರಿ ಹತ್ತಿ ಬಂದು ಮೊದಲ ಸಾಲಿನಲ್ಲಿ ಕುಳಿತಿರುವ ಲುದೊವಿನಾ ಟೀಚರ್ ಅವರೇ, ನಮ್ಮ ಈ ಕೇರಿಯ, ನಮ್ಮ ವಾಡೆಯ ಕ್ಲಬ್ಬಿನ ಪದಾಧಿಕಾರಿಗಳೇ, ತಾಯಂದಿರೇ, ಮಹನೀಯರೇ, ಬೆಂಚು ಸಾಲದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಭಾಷಣಕ್ಕೆ ಮೊದಲು ಒಂದು ವಿನಂತಿ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ. ಈಗಷ್ಟೇ ನನ್ನ ಹೆಂಡತಿ ಅಕ್ವಿಲಿನಾಳಿಗೆ ಶಾಲು ಹೊದಿಸಿದಾಗ ನೀವೆಲ್ಲ ತಟ್ಟಲು ಎತ್ತಿದ ಕೈಗಳನ್ನು ಹಾಗೆಯೇ ಕೆಳಗಿಳಿಸಿದಿರಿ. ಅದೇ ದೊಡ್ಡ ಗೌರವ ಎಂದು ನಾವಿಬ್ಬರೂ ಭಾವಿಸಿದ್ದೇವೆ. ಬಾಗಿಲ ಬಳಿ, ನೀರಿನ ಡ್ರಮ್ಮಿನ ಪಕ್ಕದಲ್ಲಿ ನಮ್ಮ ನಾಯಿ ಸಿಮೆಂಟ್ ಮಲಗಿದ್ದಾನೆ. ಅವನಿಗೆ ಸದ್ದು ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದು ಅಧ್ಯಕ್ಷರಿಗೂ ಗೊತ್ತು, ನಿಮಗೂ ಗೊತ್ತು.

ಸನ್ಮಾನ ಅವಳಿಗೆ, ಭಾಷಣ ನನ್ನದು. ಇದೆಂಥ ನ್ಯಾಯ ಎಂದು ನೀವು ಕೇಳಬಹುದು. ನಾನೂ ಕೇಳಿದೆ. "ಮೈಕ್ ಮುಂದೆ ನಿಲ್ಲೋಕೆ ನನಗಾಗಲ್ಲ. ನೀನು ಫೆರಿಯಲ್ಲಿ ಜನರನ್ನ ಕೂಗಿ ಕೂಗಿ ಅಭ್ಯಾಸ ಇರೋನು, ಎರಡು ಮಾತು ಆಡಿ ಇಳಿದು ಬಾ" ಎಂದಳು. ಎರಡೇ ಮಾತು ಎಂದು ಒತ್ತಿ ಹೇಳಿದ್ದಾಳೆ. ಈಗ ಮೂರನೆಯ ಸಾಲಿನಲ್ಲಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾಳೆ. ಬುಟ್ಟಿಯಲ್ಲಿ ಕಣ್ಣು ತೆರೆಯದ ಬೆಕ್ಕಿನ ಮರಿಗಳಿವೆ. ಶಾಲನ್ನು ಆಗಲೇ ಅವುಗಳ ಮೇಲೆ ಹೊದಿಸಿಯಾಗಿದೆ. ಕ್ಲಬ್ಬಿನವರು ಬೇಸರ ಮಾಡಿಕೊಳ್ಳಬಾರದು.

ಆದರೆ ನಾನು ಎರಡು ಮಾತಿನಲ್ಲಿ ಇಳಿಯಲಾರೆ. ಯಾಕೆಂದರೆ ಈ ಸಭೆ ಮುಗಿಯುವುದರೊಳಗೆ ನಾನೊಂದು ಉತ್ತರ ಕೊಡಬೇಕಾಗಿದೆ. ಸಿಮೆಂಟ್ ಇವತ್ತು ಟೀಚರ್ ಜೊತೆ ಆಚೆ ದಡಕ್ಕೆ ಹೋಗುತ್ತಾನೋ, ನಮ್ಮ ಮನೆಯಲ್ಲೇ ಉಳಿಯುತ್ತಾನೋ? ಟೀಚರ್ ತೀರ್ಮಾನವನ್ನು ನನಗೆ ಬಿಟ್ಟಿದ್ದಾರೆ. ಅಕ್ವಿಲಿನಾ ಕೂಡ ನನಗೇ ಬಿಟ್ಟಿದ್ದಾಳೆ. ಮನೆಯಲ್ಲಿ ಪಾಯಖಾನೆಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನೂ ನನಗೆ ಬಿಡದ ಹೆಂಗಸು ಇದೊಂದನ್ನು ಮಾತ್ರ ನನಗೆ ಬಿಟ್ಟಳು. ಯಾಕೆ? ಅದನ್ನು ಹುಡುಕುತ್ತಲೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ನಮ್ಮ ಮನೆಗೆ ಈ ಪ್ರಾಣಿಗಳು ಬರಲು ಶುರುವಾದದ್ದು ನನ್ನ ಟೋಪಿಯಿಂದ. ನಾನು ಫೆರಿಯ ಚಾಲಕನಾಗಿದ್ದ ಕಾಲ. ಎಂಜಿನ್ ಕೋಣೆಯಲ್ಲಿ ಯಾರೋ ಬಿಟ್ಟು ಹೋದ ಬೆಕ್ಕಿನ ಮರಿಯನ್ನು ಇಲಾಖೆಯ ಟೋಪಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ನಮ್ಮ ಮಗಳು ಜೊವಿಟಾ ಆಗ ಶಾಲೆಗೆ ಹೋಗುತ್ತಿದ್ದಳು. ಮರಿಗೆ ಏನು ಹೆಸರಿಡೋಣ ಎಂದು ಕುಣಿದಳು. ಅಕ್ವಿಲಿನಾ ಹೇಳಿದಳು: "ಹೆಸರಿಡೋದು ಇಟ್ಟುಕೊಳ್ಳೋರು. ನಾವು ಗುರುತಿಗೆ ಏನಾದ್ರೂ ಕರೆಯೋಣ. ಟೋಪಿ ಅನ್ನು."

ಅಲ್ಲಿಂದ ಅದೇ ಪದ್ಧತಿ. ಯಾವುದರಲ್ಲಿ ಸಿಕ್ಕಿತೋ ಅದೇ ಅದರ ಗುರುತು. ಟಯರಿನೊಳಗೆ ಸಿಕ್ಕಿದ್ದು ಟಯರ್. ಚರ್ಚಿನ ಪಿಟೀಲು ಪೆಟ್ಟಿಗೆಯಲ್ಲಿ ಹೆತ್ತವಳು ಪಿಟೀಲು. ಪೊಯ್ ರೊಟ್ಟಿ ಮಾರುವ ಬೇಕರಿಯವನ ಬುಟ್ಟಿಯಲ್ಲಿ ಬಂದದ್ದು ರೊಟ್ಟಿ. ಜೊವಿಟಾ ಗೆಳತಿಯರನ್ನು ಮನೆಗೆ ಕರೆತಂದರೆ ಅಕ್ವಿಲಿನಾ ಒಳಗಿಂದ ಕೂಗುವಳು, "ಟಯರಿಗೆ ಔಷಧಿ ಹಾಕಿದ್ಯಾ? ಪಿಟೀಲು ವಾಂತಿ ಮಾಡಿದೆ, ಒರೆಸು." ಆ ಹುಡುಗಿಯರು ಮನೆಗೆ ಹೋಗಿ ಏನು ಹೇಳಿರಬೇಕು, ನೀವೇ ಊಹಿಸಿ. ಜೊವಿಟಾ ಒಂದು ದಿನ ಸಿಟ್ಟಾಗಿ ಕೇಳಿದಳು: "ಪಪ್ಪಾ, ಈ ಮನೇಲಿ ಮೊದಲು ಊಟ ಸಿಗಬೇಕಾದ್ರೆ ನಾನು ಯಾವ ಡಬ್ಬಿಯಲ್ಲಿ ಕೂರಬೇಕು?"

ಇದು ಸುಲಭದ ಕೆಲಸ ಎಂದು ಯಾರೂ ತಿಳಿಯಬಾರದು. ಹೊಸದಾಗಿ ಬಂದ ನಾಯಿಯನ್ನು ಬೆಕ್ಕಿಗೆ ತೋರಿಸುವಂತಿಲ್ಲ. ಹಳೆಯ ಬಚ್ಚಲುಮನೆಯಲ್ಲಿ ಬೇರೆ ಇರಿಸಬೇಕು. ಇಬ್ಬರ ನಡುವೆ ಒಂದೇ ಬಟ್ಟೆಯನ್ನು ಬದಲಾಯಿಸುತ್ತಾ ವಾಸನೆಯ ಪರಿಚಯ ಮಾಡಿಸಬೇಕು. ಮನೆಯ ಸದ್ದುಗಳನ್ನು ಕಲಿಸಬೇಕು: ಕುಕ್ಕರ್ ಕೂಗು, ತೆಂಗಿನ ಗರಿ ಬೀಳುವ ಸದ್ದು, ಪೊಯ್ ಮಾರುವವನ ಹಾರ್ನ್, ನನ್ನ ಕೆಮ್ಮು. ಇಷ್ಟೆಲ್ಲ ಮಾಡಿ, ಅದು ನಮ್ಮ ಕಾಲಿಗೆ ಮೈಯುಜ್ಜಲು ಶುರುಮಾಡಿದ ಮೇಲೆ ಬೇರೆಯವರಿಗೆ ಕೊಟ್ಟುಬಿಡಬೇಕು. ಇದೇ ನನಗೆ ಅರ್ಥವಾಗುತ್ತಿರಲಿಲ್ಲ. ತಂದಮೇಲೆ ಇಟ್ಟುಕೊಳ್ಳಬೇಕಲ್ಲವೇ? ಇಟ್ಟುಕೊಳ್ಳುವುದಿಲ್ಲವಾದರೆ ತರಬಾರದಲ್ಲವೇ? ಪ್ರತಿ ಸಲವೂ ನಾನು ಈ ಜಗಳ ತೆಗೆಯುತ್ತಿದ್ದೆ. ಅವಳದ್ದು ಪ್ರತಿ ಸಲವೂ ಒಂದೇ ಉತ್ತರ: "ಒಂದನ್ನ ಇಟ್ಕೊಂಡ್ರೆ ಮುಂದೆ ಬರೋದಕ್ಕೆ ಜಾಗ ಎಲ್ಲಿ?"

ಲೆಕ್ಕಕ್ಕೆ ಅದು ಸರಿ. ಆದರೆ ಹೋದ ಪ್ರಾಣಿಗೆ ಹೇಗನ್ನಿಸುತ್ತದೆ? ನನ್ನ ಕುತೂಹಲ ಇದ್ದದ್ದು ಅದರಲ್ಲಿ. ನಾನು ಓದಿದ್ದು ಕಡಿಮೆ. ಆದರೆ ನಲವತ್ತು ವರ್ಷದಿಂದ ಬೆಳಗಿನ ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದಿದವನು. ಪರೀಕ್ಷಿಸದೆ ಯಾವುದನ್ನೂ ನಂಬಬಾರದು ಎಂದು ಅದರಿಂದ ಕಲಿತಿದ್ದೇನೆ. ಟೋಪಿ ಎಂಬ ಬೆಕ್ಕನ್ನು ಮಡಗಾಂವಿನ ಒಂದು ಮನೆಗೆ ಕೊಟ್ಟು ವರ್ಷವಾದ ಮೇಲೆ ನಾನು ಅದೇ ಟೋಪಿ ಹಿಡಿದು ಆ ಮನೆಗೆ ಹೋದೆ. ಬೆಕ್ಕಿನ ಮುಂದೆ ಟೋಪಿ ಇಟ್ಟೆ. ಬೆಕ್ಕು ಬಂತು, ಮೂಸಿತು, ಟೋಪಿಯೊಳಗೆ ಇಳಿಯಿತು, ಒಂದು ಸುತ್ತು ಸುತ್ತಿ ಮಲಗಿತು. ನನ್ನ ಕಣ್ಣು ತುಂಬಿತು. ನೋಡಿ, ನೆನಪಿದೆ, ಎಂದುಕೊಂಡೆ. ಆಮೇಲೆ ಅನುಮಾನ ಬಂತು. ದಾರಿಯಲ್ಲಿ ಮೀನು ಮಾರ್ಕೆಟ್ಟಿನ ಒಂದು ಅಪರಿಚಿತ ಬೆಕ್ಕಿನ ಮುಂದೆ ಅದೇ ಟೋಪಿ ಇಟ್ಟೆ. ಅದೂ ಇಳಿದು, ಒಂದು ಸುತ್ತು ಸುತ್ತಿ ಮಲಗಿತು.

ಹೀಗಾಗಿ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಟೋಪಿಯೂ ಕೆಟ್ಟಿತು.

ಇನ್ನು ನಮ್ಮ ಗೇಟಿನ ಪದ್ಧತಿಯ ವಿಷಯ. ಅದಿಲ್ಲದೆ ಸಿಮೆಂಟಿನ ವಿಷಯ ಹೇಳಲಾಗುವುದಿಲ್ಲ. ನಮ್ಮ ವಾಡೆಯಲ್ಲಿ ಸಾಯ್ಬಿಣ್, ಅಂದರೆ ಮೇರಿ ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಒಂದೊಂದು ಮನೆಯಲ್ಲಿ ಒಂದು ರಾತ್ರಿ. ಮರುಸಂಜೆ ಆ ಮನೆಯವರು ಹಾಡುತ್ತಾ ಮುಂದಿನ ಗೇಟಿನವರೆಗೆ ತಂದು ಒಪ್ಪಿಸುತ್ತಾರೆ. ಈ ಮನೆಯವರು ಮೇಣದಬತ್ತಿ ಹಿಡಿದು ಎದುರುಗೊಳ್ಳುತ್ತಾರೆ. ಪ್ರಾರ್ಥನೆಯಾದ ಮೇಲೆ ಬೇಯಿಸಿದ ಕಡಲೆ ಹಂಚುತ್ತಾರೆ. ಟೋಪಿಯನ್ನು ಕೊಡುವ ದಿನ ಸಾಯ್ಬಿಣ್ ನಮ್ಮ ಗೇಟಿಗೆ ಬಂದಿದ್ದಳು. ಮಡಗಾಂವಿನವರು ಬೆಕ್ಕನ್ನು ಒಯ್ಯಲು ಅದೇ ಹೊತ್ತಿಗೆ ಬಂದರು. ನೆರೆಹೊರೆಯವರೆಲ್ಲ ಮೇಣದಬತ್ತಿ ಹಿಡಿದು ಅಲ್ಲೇ ನಿಂತಿದ್ದರು. ಅಕ್ವಿಲಿನಾ ಬೆಕ್ಕನ್ನು ಎದೆಗವಚಿಕೊಂಡು, ಬಂದವರನ್ನು ಎಲ್ಲರ ಎದುರಿಗೆ ಕೇಳಿದಳು: "ಇವನು ಯಾರವನು?"

ಆ ಜನ ಗಾಬರಿಯಾದರು. ಯಜಮಾನ ತನ್ನ ಹೆಂಡತಿಯ ಮುಖ ನೋಡಿದ. ಅವಳು ಹೇಳಿದಳು, "ನಮ್ಮವನು." ಆಗ ಅಕ್ವಿಲಿನಾ ಬೆಕ್ಕನ್ನು ಅವಳ ಕೈಗೆ ಕೊಟ್ಟಳು. ಅವತ್ತಿನಿಂದ, ನಾಯಿಯಿರಲಿ ಬೆಕ್ಕಿರಲಿ, ಗೇಟಿನ ಬಳಿ ನೆರೆಯವರ ಎದುರಿಗೆ ಆ ಪ್ರಶ್ನೆ ಕೇಳದೆ, ಆ ಉತ್ತರ ಬಾರದೆ ಅವಳು ಕೊಡುವುದಿಲ್ಲ. ಪಣಜಿಯಿಂದ ಕಾರಿನಲ್ಲಿ ಬಂದ ಒಬ್ಬರು, "ಮಕ್ಕಳು ಆಡ್ಕೊಳ್ಳಲಿ ಅಂತ, ಆಮೇಲೆ ನೋಡೋಣ" ಎಂದರು. ಅವರು ಬರಿಗೈಯಲ್ಲಿ ಹೋದರು. ಅವರಿಗೆ ಕಡಲೆ ಮಾತ್ರ ಸಿಕ್ಕಿತು.

ವಿಗಾರರು ಒಮ್ಮೆ ಅವಳನ್ನು ಕರೆದು ಕೇಳಿದ್ದರು. ಅವರೇ ಇಲ್ಲಿದ್ದಾರೆ, ಸುಳ್ಳಾದರೆ ತಿದ್ದಲಿ. "ಅಕ್ವಿಲಿನಾ, ಮೇಣದಬತ್ತಿ, ಹಾಡು, ಕಡಲೆ, ಎಲ್ಲ ಸರಿ. ಆದ್ರೆ ನಾಯಿಗೂ ಸಾಯ್ಬಿಣಿಗೂ ಒಂದೇ ಮರ್ಯಾದೆಯೇ?" ಅವಳು ಹೇಳಿದಳು: "ಫಾದರ್, ಅವಳೂ ಒಂದು ರಾತ್ರಿ ತುಂಬಿದ ಹೊಟ್ಟೆ ಹೊತ್ತುಕೊಂಡು ಜಾಗ ಸಿಗದೆ ಬಾಗಿಲು ಬಾಗಿಲು ಅಲೆದವಳೇ ತಾನೇ? ಅವಳಿಗೆ ಸಿಟ್ಟು ಬರಲ್ಲ." ಅವತ್ತಿನಿಂದ ವಿಗಾರರ ಭಾನುವಾರದ ಊಟದ ಮೂಳೆ ತಪ್ಪದೆ ನಮ್ಮ ಮನೆಗೆ ಬರುತ್ತಿದೆ.

ಹೀಗೆ ಮಾತಾಡಬಲ್ಲವಳು ಮೈಕ್ ಮುಂದೆ ಯಾಕೆ ಬರುವುದಿಲ್ಲವೋ ಕಾಣೆ. ಅವಳ ಬಾಯಿಯ ಬಲ ನನಗೆ ಮದುವೆಗೂ ಮೊದಲೇ ಗೊತ್ತಾಗಿತ್ತು. ನಾನು ಹೆಣ್ಣು ಕೇಳಲು ಒಬ್ಬನೇ ಹೋಗಿದ್ದೆ. ಜೊತೆಗೆ ಬರುವವರು ಯಾರೂ ಇರಲಿಲ್ಲ. ಅವಳಪ್ಪ ಮಿಂಗೆಲ್ ಸೇಂದಿ ಇಳಿಸುವವರು. ಮರದಿಂದ ಇಳಿದು, ಕತ್ತಿ ಒರೆಸುತ್ತಾ ಕೇಳಿದರು: "ನೀನು ಯಾರವನೋ?" ಊರಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಯಾವ ಮನೆ, ಯಾರ ಮಗ ಎಂದು ಅರ್ಥ. ನಾನು ಸುಮ್ಮನೆ ನಿಂತೆ. ಅವರು ಮತ್ತೆ ಕೇಳಿದರು. ನಾನು ಮತ್ತೆ ಸುಮ್ಮನೆ ನಿಂತೆ. ಒಳಗೆ ಒಲೆಯ ಮುಂದಿದ್ದವಳು ತಲೆ ಹೊರಗೆ ಹಾಕಿ ಅಪ್ಪನಿಗೆ, "ಪಾಯ್, ಅವನು ನಮ್ಮವನು. ಊಟಕ್ಕೆ ಬಡಿಸ್ಲಾ?" ಎಂದಳು. ಅವಳಪ್ಪ ಕತ್ತಿ ಕೆಳಗಿಟ್ಟು, "ಮತ್ತೆ ಅದನ್ನ ಮೊದಲೇ ಹೇಳಬಾರದಾ" ಎಂದು ನನ್ನನ್ನೇ ಬೈದರು.

ನಾನು ಯಾಕೆ ಉತ್ತರ ಕೊಡಲಿಲ್ಲ? ಹಿರಿಯರಿಗೆ ಗೊತ್ತು. ಕಿರಿಯರಿಗಾಗಿ ಹೇಳುತ್ತೇನೆ, ಈಗೇನು ಮುಚ್ಚುಮರೆ. ನಾನು ದೊಡ್ಡ ಮನೆಯ ಪೊಸ್ಕೊ. ಎಲ್ಲಿಂದಲೋ ಸಾಕಲು ತಂದ ಹುಡುಗ. ಆ ಕಾಲದಲ್ಲಿ ದೊಡ್ಡ ಮನೆಗಳಲ್ಲಿ ಒಬ್ಬರಲ್ಲ ಒಬ್ಬರು ಪೊಸ್ಕೊ ಇರುತ್ತಿದ್ದರು. ಆ ಮನೆಯೊಡತಿ ದೊನ್ಯಾ ಎಲ್ವಿರಾ ಕೆಟ್ಟವರಲ್ಲ. ಹೊಡೆಯಲಿಲ್ಲ. ಜ್ಞಾನಸ್ನಾನ ಮಾಡಿಸಿ ಮನೆತನದ ಹೆಸರನ್ನೇ ಕೊಟ್ಟರು. ಅದಕ್ಕೇ ನಾನು ಇನಾಸ್ ಕುಲಾಸೊ. ಹೆಸರು ಕೊಟ್ಟರು, ಮೇಜಿನ ಬಳಿ ಕುರ್ಚಿ ಕೊಡಲಿಲ್ಲ. ಊಟ ಅದೇ ಊಟ. ಮೀನು ಅದೇ ಮೀನು. ಆದರೆ ಹಿತ್ತಿಲ ಅಡುಗೆಮನೆಯ ಮೆಟ್ಟಿಲ ಮೇಲೆ. ಒಳಗೆ ಎಲ್ಲರದೂ ಆದಮೇಲೆ ತಟ್ಟೆ ಬರುತ್ತಿತ್ತು. ಕಾಯುತ್ತಾ ಕೂತಾಗ ಆ ಮೆಟ್ಟಿಲಿನ ಕಲ್ಲಿನಲ್ಲಿದ್ದ ಒಂದು ಬಿರುಕನ್ನು ನಾನು ಬೆರಳಿನಿಂದ ತಿಕ್ಕುತ್ತಿದ್ದೆ. ಅದು ಈಗಲೂ ಇದೆ.

ಕ್ಷಮಿಸಿ, ವಿಷಯ ಎಲ್ಲಿಗೋ ಹೋಯಿತು. ಸಿಮೆಂಟಿನ ಬಗ್ಗೆ ಹೇಳುತ್ತಿದ್ದೆ.

ಸಿಮೆಂಟ್ ಸಿಕ್ಕಿದ್ದು ನನ್ನ ಕೆಲಸದ ಕೊನೆಯ ವರ್ಷ. ಫೆರಿಯ ಮೂಲೆಯಲ್ಲಿ ಕಟ್ಟಿದ ಸಿಮೆಂಟ್ ಚೀಲ ಒಂದು ಹಗಲೆಲ್ಲ ಈ ದಡಕ್ಕೂ ಆ ದಡಕ್ಕೂ ಓಡಾಡಿತು. ಈಚೆಯವರು ಆಚೆಯವರದ್ದು ಎಂದುಕೊಂಡರು, ಆಚೆಯವರು ಈಚೆಯವರದ್ದು ಎಂದುಕೊಂಡರು. ಸಂಜೆ ಚೀಲ ಅಲುಗಿತು. ಬಿಚ್ಚಿದರೆ ಕಾಲು ಮುರಿದ ಕರಿ ಮರಿ. ಇವನನ್ನು ಒಯ್ಯಲು ಯಾರೂ ಒಪ್ಪಲಿಲ್ಲ. ಬಂದವರು ಒಬ್ಬರು ಕುಂಟು ಎಂದರು. ಇನ್ನೊಬ್ಬರು ಕರಿ ಎಂದರು. ತೆಂಗಿನ ತೋಟದವರು ಒಬ್ಬರು ಬಂದು, "ಇದು ಬೊಗಳೋದೇ ಇಲ್ವಲ್ಲ ಮಾರಾಯ್ರೆ, ಕಾಯಿ ಕದಿಯೋರಿಗೆ ದಾರಿ ತೋರಿಸೋ ಹಾಗಿದೆ" ಎಂದರು. ಹೀಗೆ ಅವನು ನಮ್ಮಲ್ಲೇ ಬೆಳೆದ. ನನಗೆ ಒಳಗೊಳಗೇ ಸಂತೋಷ. ನಾನು ನಿವೃತ್ತನಾದೆ; ಸಂಜೆ ಅವನನ್ನು ಕರೆದುಕೊಂಡು ವಾಕಿಂಗ್ ಹೊರಡುತ್ತಿದ್ದೆ. ಎಲ್ಲಿಗೆ ಎಂದು ಅಕ್ವಿಲಿನಾ ಕೇಳಿದರೆ, "ಫೆರಿ ನೋಡ್ಕೊಂಡು ಬರ್ತೀನಿ" ಎನ್ನುತ್ತಿದ್ದೆ.

ಆಮೇಲೆ ಲುದೊವಿನಾ ಟೀಚರ್ ಬಂದರು. ಈ ಸಭೆಯಲ್ಲಿ ಅರ್ಧ ಜನಕ್ಕೆ ಮಗ್ಗಿ ಕಲಿಸಿದವರು. ಅವರಿಗೀಗ ಕಿವಿ ಸ್ವಲ್ಪ ಮಂದ, ಮುಚ್ಚಿಡುವ ವಿಷಯವಲ್ಲ ಎಂದು ಅವರೇ ಹೇಳುತ್ತಾರೆ. ನಮ್ಮ ಮನೆ ಮುಂದಿನ ಜಗಲಿಯ, ಬಲ್ಕಾಂವಿನ ಕಲ್ಲುಬೆಂಚಿನ ಮೇಲೆ ಕೂತು ಸಿಮೆಂಟನ್ನು ಬಹಳ ಹೊತ್ತು ನೋಡಿದರು. "ಇವನು ಬೊಗಳೋದಿಲ್ಲ, ನನಗೆ ಕೇಳಿಸೋದಿಲ್ಲ. ಇನ್ನೇನು ಬೇಕು?" ಎಂದರು. ಆಮೇಲೆ ಸಿಮೆಂಟಿನ ಕುಂಟು ಕಾಲನ್ನು ನೋಡಿ, "ನನ್ನ ಮನೇಲಿ ಮೆಟ್ಟಿಲಿಲ್ಲ" ಎಂದರು. ಎಷ್ಟೋ ಜನ ಬಂದಿದ್ದರು. ಅವನ ಕಾಲಿನ ಬಗ್ಗೆ ಹೀಗೆ ಯೋಚಿಸಿದವರು ಅವರೊಬ್ಬರೇ.

ಅಕ್ವಿಲಿನಾ ಒಪ್ಪಿದಳು. ನಾನು ಆ ವಾರ ಅವಳ ಜೊತೆ ಮಾತು ಬಿಟ್ಟೆ.

ಇನ್ನು ಆ ದಿನದ್ದು. ಸಿಮೆಂಟಿನ ಬೀಳ್ಕೊಡುಗೆ. ವಾಡೆಯ ಜನಕ್ಕೆಲ್ಲ ಅವನ ಮೇಲೆ ಪ್ರೀತಿ. ಇಷ್ಟು ಕಾಲ ಯಾರಿಗೂ ಬೇಡವಾದವನಿಗೆ ಮನೆ ಸಿಕ್ಕಿತಲ್ಲ ಎಂದು ಎಲ್ಲರೂ ಗೇಟಿಗೆ ಬಂದಿದ್ದರು. ಸಾಯ್ಬಿಣ್ ಬರುವಾಗಿನ ಹಾಗೆಯೇ ಬಣ್ಣದ ಕಾಗದ ಕಟ್ಟಿದ್ದರು. ಹಾಡಾಯಿತು. ಅಕ್ವಿಲಿನಾ ಹಗ್ಗ ಹಿಡಿದು ನಿಂತು, "ಇವನು ಯಾರವನು?" ಎಂದಳು. ಟೀಚರ್ ಬಾಯಿ ತೆರೆದರು. ಅಷ್ಟರಲ್ಲಿ ನಮ್ಮ ಅಧ್ಯಕ್ಷರು ಪಟಾಕಿ ಸರಕ್ಕೆ ಬೆಂಕಿ ಕೊಟ್ಟರು.

ಪ್ಲಾಸಿದ್, ತಲೆ ತಗ್ಗಿಸಬೇಡ. ನಿನ್ನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಸಾಯ್ಬಿಣ್ ಗೇಟು ದಾಟುವಾಗ ಪಟಾಕಿ ಹೊಡೆಯುತ್ತೇವೆ. ಹಾಗಾದರೆ ಸಿಮೆಂಟಿಗೂ ಹೊಡೆಯೋಣ ಎಂದು ನೀನು ಅಂದುಕೊಂಡೆ. ಹಲ್ಲು ಕೀಳಿಸಿಕೊಂಡ ಸಂತೋಷಕ್ಕೂ ಪಟಾಕಿ ಹೊಡೆದವನು ನೀನು. ಪ್ರಪಂಚದ ಬೇರೆ ಯಾವ ಊರಿನಲ್ಲೂ ಒಂದು ನಾಯಿಗೆ ಇಷ್ಟು ಮರ್ಯಾದೆ ಸಿಕ್ಕಿರಲಾರದು. ಅದು ನಾಯಿಗೆ ತಿಳಿಯಲಿಲ್ಲ, ಅಷ್ಟೇ.

ಹೊಗೆ ಇಳಿದಾಗ ಅಕ್ವಿಲಿನಾಳ ಕೈಯಲ್ಲಿ ಹಗ್ಗವೂ ಕೊರಳಪಟ್ಟಿಯೂ ಇತ್ತು. ನಾಯಿ ಇರಲಿಲ್ಲ.

ನೀವೆಲ್ಲ ಹುಡುಕಿದಿರಿ. ಫೆರಿ ಕಟ್ಟೆ, ಗೇರುಗುಡ್ಡ, ಉಪ್ಪಿನ ಗದ್ದೆ, ಸ್ಮಶಾನದ ಗೋಡೆ. ವಿಗಾರರು ಗಂಟೆ ಹೊಡೆಯುವುದನ್ನು ನಿಲ್ಲಿಸಿದರು. ಎಲ್ಲರೂ ಒಂದೇ ಮಾತು ಹೇಳಿದಿರಿ: ಹಸಿವಾದರೆ ಮನೆಗೇ ಬರುತ್ತಾನೆ. ಅಕ್ವಿಲಿನಾ ಗೇಟು ತೆಗೆದಿಟ್ಟು, ಸಿಗಡಿ ತಲೆ ಹಾಕಿ ಗಂಜಿ ಬೇಯಿಸಿ, ಮುಚ್ಚಳ ತೆಗೆದು ವಾಸನೆ ಹೋಗಲು ಬಿಟ್ಟಳು. ಊರಿನ ನಾಯಿಗಳೆಲ್ಲ ಬಂದವು. ಸಿಮೆಂಟ್ ಬರಲಿಲ್ಲ. "ಇದೇ ಕೊನೆ. ಇನ್ನು ಯಾರನ್ನೂ ತರಲ್ಲ" ಎಂದಳು ಅವಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಗೇಟು ತೆರೆದಿದೆ, ಊಟ ಇದೆ, ಮಲಗಿದ ಬಟ್ಟೆ ಇದೆ. ಯಾಕೆ ಬರುತ್ತಿಲ್ಲ? ಹೆದರಿದ ನಾಯಿ ತನ್ನ ಮನೆಗೆ ಹೋಗುತ್ತದೆ ಎನ್ನುತ್ತಾರೆ. ಹಾಗಾದರೆ ಈ ನಾಯಿ ಯಾವುದನ್ನು ಮನೆ ಎಂದುಕೊಂಡಿದೆ?

ಮರುದಿನ ಸಂಜೆ, ಹುಡುಕಲು ಇನ್ನು ಜಾಗವೇ ಉಳಿಯಲಿಲ್ಲ ಎಂದಾದ ಮೇಲೆ, ನಾನು ಸುಮ್ಮನೆ ನನ್ನ ವಾಕಿಂಗ್ ಹೊರಟೆ. ಕಾಲಿಗೆ ಅಭ್ಯಾಸ. ನಮ್ಮ ದಾರಿ ಕವಲೊಡೆಯುವುದು ನಿಮಗೆ ಗೊತ್ತು: ಬಲಕ್ಕೆ ಹೋದರೆ ಫೆರಿ, ಎಡಕ್ಕೆ ಹೋದರೆ ದೊಡ್ಡ ಮನೆ. ನಾನು ಎಡಕ್ಕೆ ಹೋದೆ. ದೊಡ್ಡ ಮನೆ ಬೀಗ ಹಾಕಿ ಎಷ್ಟೋ ವರ್ಷವಾಯಿತು. ದೊನ್ಯಾ ತೀರಿಕೊಂಡರು, ಮಕ್ಕಳು ಲಿಸ್ಬನ್ ಸೇರಿದರು. ಹಿತ್ತಿಲ ಗೋಡೆ ಬಿದ್ದಲ್ಲಿ ದಾಟಿದರೆ ಅಡುಗೆಮನೆಯ ಮೆಟ್ಟಿಲು. ಆ ಮೆಟ್ಟಿಲಿನ ಒಂದು ಪಕ್ಕದಲ್ಲಿ ಸಿಮೆಂಟ್ ಕೂತಿದ್ದ.

ಮಧ್ಯದಲ್ಲಿ ಅಲ್ಲ, ಒಂದು ಪಕ್ಕದಲ್ಲಿ. ಬಿರುಕಿರುವ ಪಕ್ಕವನ್ನು ಖಾಲಿ ಬಿಟ್ಟಿದ್ದ. ನನ್ನನ್ನು ನೋಡಿ, ಯಾಕೆ ತಡ ಎನ್ನುವ ಹಾಗೆ ಒಮ್ಮೆ ಬಾಲ ಬಡಿದ. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ. ದಿನವೂ ನಾವು ಹಾಗೆಯೇ ಕೂರುತ್ತಿದ್ದುದು.

ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಹೇಳಿಯಾಯಿತು.

ಹಿಂದೆ ಎಲೆ ಸದ್ದಾಯಿತು. ತಿರುಗಿದರೆ ಬಾವಿಯ ಬಳಿ ಅಕ್ವಿಲಿನಾ. ನಾನು ಹೊರಟ ರೀತಿ ನೋಡಿ ಹಿಂದೆಯೇ ಬಂದಿದ್ದಳು. ಬೀಗ ಹಾಕಿದ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು, ನಾಯಿಯನ್ನು ನೋಡಿದಳು.

"ದಿನಾ ಇಲ್ಲಿಗಾ ಬರ್ತಿದ್ದದ್ದು?"

"ಹೂಂ."

"ಇಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಇವನಿಗೆ ಏನು ಕಲಿಸಿದೆ ನೀನು?"

ಸಭಿಕರೇ, ನಾನು ಬಹಳ ಪ್ರಶ್ನೆ ಕೇಳುವವನು. ಇದನ್ನು ಮಾತ್ರ ನನ್ನನ್ನೇ ಕೇಳಿಕೊಂಡಿರಲಿಲ್ಲ. ಕುಕ್ಕರಿನ ಸದ್ದಿಗೆ ಹೆದರಬೇಡ ಎಂದು ಅವಳು ಕಲಿಸಿದ್ದಳು. ಬಟ್ಟಲಿಗೆ ಬಾಯಿ ಹಾಕುವ ಮೊದಲು ನಿಲ್ಲು ಎಂದು ಜೊವಿಟಾ ಕಲಿಸಿದ್ದಳು. ಮುಚ್ಚಿದ ಬಾಗಿಲ ಮುಂದೆ ಕೂತು ಕಾಯುವುದನ್ನು ನಾನು ಕಲಿಸಿದ್ದೆ. ಅದರಲ್ಲಿ ಅವನು ಎಷ್ಟು ಪಳಗಿದ್ದನೆಂದರೆ ಹಸಿವು, ಗಂಜಿ, ತೆರೆದ ಗೇಟು ಯಾವುದೂ ಅವನನ್ನು ಎಬ್ಬಿಸಲಿಲ್ಲ.

ಅಕ್ವಿಲಿನಾ ಬೈಯಲಿಲ್ಲ. ಬಂದು, ಸಿಮೆಂಟಿನ ಆಚೆ ಬದಿಯಲ್ಲಿ ಮೆಟ್ಟಿಲ ಮೇಲೆ ಕೂತಳು. ಆಮೇಲೆ, "ಗಂಜಿ ತಳ ಹಿಡಿಯುತ್ತೆ, ಏಳಿ" ಎಂದಳು.

ವಿಷಯ ಟೀಚರ್‌ಗೆ ತಿಳಿಯಿತು. ಅವರು ಫೆರಿ ಹತ್ತಿ ಬಂದು ಹೇಳಿದರು: "ಇನಾಸ್, ಅವನು ಕಾಯ್ತಾ ಇದ್ದದ್ದು ನಿಮ್ಮನ್ನ. ಅಂದಮೇಲೆ ನೀವೇ ಇಟ್ಕೊಳ್ಳಿ. ನನಗೆ ಬೇಜಾರಿಲ್ಲ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಬರ್ತೀನಿ, ಅವತ್ತು ಹೇಳಿ ಸಾಕು." ನಾನು ಅಕ್ವಿಲಿನಾಳ ಕಡೆ ನೋಡಿದೆ. ಇಟ್ಟುಕೊಂಡರೆ ಮುಂದಿನದಕ್ಕೆ ಜಾಗ ಎಲ್ಲಿ ಎಂದು ಅವಳು ಹೇಳಲಿಲ್ಲ. "ನೀನು ಹೇಳಿದ ಹಾಗೆ" ಎಂದಳು.

ನನಗೆ ಬೇಕಾದದ್ದು ಸಿಕ್ಕಿತ್ತು. ಒಂದು ನಾಯಿ, ಇಟ್ಟುಕೊಳ್ಳಲು. ಅಲ್ಲವೇ? ಒಂದು ದಿನ ಪೂರ್ತಿ ಸಂತೋಷವಾಗಿದ್ದೆ.

ಆದರೆ ನಾನು ಪರೀಕ್ಷಿಸದೆ ನಂಬುವವನಲ್ಲ. ನಿನ್ನೆ ಸಂಜೆ ಅವನನ್ನು ಕರೆದುಕೊಂಡು ಹೊರಟೆ. ಇವತ್ತು ಬಲಕ್ಕೆ, ಫೆರಿಗೆ, ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡೆ. ಕವಲಿನಲ್ಲಿ ಹಗ್ಗ ಸಡಿಲ ಬಿಟ್ಟು ನಿಂತೆ. ಅವನು ಎಲ್ಲಿಗೆ ತಿರುಗುತ್ತಾನೆ ನೋಡೋಣ ಎಂದು. ಅವನು ತಿರುಗಲೇ ಇಲ್ಲ. ನಿಂತುಕೊಂಡು ನನ್ನ ಕಾಲು ನೋಡಿದ. ಕೆಳಗೆ ನೋಡಿದರೆ ನನ್ನ ಎರಡು ಚಪ್ಪಲಿಗಳೂ ಎಡಕ್ಕೆ ಮುಖ ಮಾಡಿದ್ದವು.

ಈ ಸಲದ ಪರೀಕ್ಷೆಗೆ ಫಲಿತಾಂಶ ಸಿಕ್ಕಿತು. ಅದು ನಾಯಿಯದ್ದಾಗಿರಲಿಲ್ಲ.

ನಾನು ಫೆರಿ ನಡೆಸಿದವನು. ಮದುವೆಯ ಹೆಣ್ಣುಗಳನ್ನು ದಾಟಿಸಿದ್ದೇನೆ, ಶವಪೆಟ್ಟಿಗೆ ದಾಟಿಸಿದ್ದೇನೆ, ಹಂದಿ ದಾಟಿಸಿದ್ದೇನೆ. ಇಳಿಯಬೇಡ, ನನ್ನ ಜೊತೆಗೇ ಇರು ಎಂದು ಯಾರಿಗೂ ಹೇಳಿದವನಲ್ಲ. ಹಾಗೆ ಹೇಳುವ ಚಾಲಕನ ಫೆರಿಯನ್ನು ಯಾರು ಹತ್ತುತ್ತಾರೆ? ಅಕ್ವಿಲಿನಾ ಮಾಡುತ್ತಿದ್ದುದೂ ನನ್ನದೇ ಕೆಲಸ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು. ದೊಡ್ಡ ಮನೆಯವರು ನನ್ನನ್ನು ಇಟ್ಟುಕೊಂಡಿದ್ದರು. ಇಟ್ಟುಕೊಳ್ಳುವುದು ದೊಡ್ಡದು ಎಂದು ನಾನು ತಿಳಿದಿದ್ದೆ. ಆದರೆ ನನ್ನನ್ನು ಗೇಟಿನ ಬಳಿ ನಿಲ್ಲಿಸಿ, ನಾಲ್ಕು ಜನರ ಎದುರಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಕೇಳಿದವರು ಒಬ್ಬರೇ, ಕತ್ತಿ ಒರೆಸುತ್ತಾ. ಉತ್ತರ ಕೊಟ್ಟವಳೂ ಒಬ್ಬಳೇ. ಅವಳು ಮೂರನೆಯ ಸಾಲಿನಲ್ಲಿ ಕೂತು, ಈ ಮುದುಕ ಇನ್ನೂ ಯಾಕೆ ಇಳಿದಿಲ್ಲ ಎಂದು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ.

ಇಳಿಯುತ್ತೇನೆ. ಅದಕ್ಕೆ ಮೊದಲು ಆ ದಿನ ಅರ್ಧಕ್ಕೆ ನಿಂತ ಕೆಲಸವೊಂದಿದೆ. ಪ್ರಶ್ನೆ ಕೇಳಿಯಾಗಿತ್ತು, ಉತ್ತರ ಪಟಾಕಿಯಲ್ಲಿ ಮುಳುಗಿತು. ಅಕ್ವಿಲಿನಾ ಒಪ್ಪಿದರೆ ಈ ಸಲ ಅದನ್ನು ನಾನು ಕೇಳುತ್ತೇನೆ. ತಲೆಯಾಡಿಸಿದಳು, ಕಂಡಿರಲ್ಲ.

ಲುದೊವಿನಾ ಟೀಚರ್, ದಯವಿಟ್ಟು ಎದ್ದು ನಿಲ್ಲಿ. ಮೈಕಿನಲ್ಲೇ ಕೇಳುತ್ತೇನೆ, ನಿಧಾನಕ್ಕೆ. ಬಾಗಿಲ ಬಳಿ ಮಲಗಿದ್ದಾನಲ್ಲ. ಇವನು ಯಾರವನು?

ಹಿಂದಿನ ಸಾಲಿನವರಿಗೆ ಕೇಳಿಸಿರಲಿಕ್ಕಿಲ್ಲ. ಟೀಚರ್ ಅಳುತ್ತಿರುವುದರಿಂದ ದನಿ ಸಣ್ಣದಾಯಿತು. ಅವರು ಹೇಳಿದ್ದನ್ನು ನಾನು ದೊಡ್ಡದಾಗಿ ಹೇಳುತ್ತೇನೆ, ವಾಡೆಗೆಲ್ಲ ಗೊತ್ತಿರಲಿ. "ನಮ್ಮವನು" ಎಂದರು. ಹೇಳಿ ಮುಗಿಸುವ ಮೊದಲೇ ಬಾಗಿಲ ಕಡೆ ನಡೆದು ಹಗ್ಗಕ್ಕೆ ಕೈಚಾಚಿದರು. ಅವನು ಮಲಗುವ ಬಟ್ಟೆ ಅಲ್ಲೇ ಚೀಲದಲ್ಲಿದೆ ಟೀಚರ್, ಒಗೆಯಬೇಡಿ. ಹೆಸರು ನಿಮ್ಮ ಇಷ್ಟ.

ಈಗ ವಂದನೆಗಳು. ಕಡಲೆ ಬೇಯಿಸಿದ ತಾಯಂದಿರಿಗೆ. ಇವತ್ತು ಗಂಟೆ ಹೊಡೆಸದ ವಿಗಾರರಿಗೆ. ಸಂಜೆಯ ಫೆರಿಯನ್ನು ಹಾರ್ನ್ ಹೊಡೆಯದೆ ಬಿಡಲು ಒಪ್ಪಿದ ಈಗಿನ ಚಾಲಕರಿಗೆ. ಅವರನ್ನು ನಾನು ಬೆಳಿಗ್ಗೆಯೇ ಹೋಗಿ ಕೇಳಿಕೊಂಡಿದ್ದೆ. ಜೇಬಿನಲ್ಲಿದ್ದ ಬೆಂಕಿಪೊಟ್ಟಣವನ್ನು ಸಭೆ ಶುರುವಾಗುವ ಮೊದಲೇ ತಾನಾಗಿ ನನ್ನ ಕೈಗೆ ಕೊಟ್ಟ ಅಧ್ಯಕ್ಷರಿಗೆ. ಅಕ್ವಿಲಿನಾಳಿಗೆ ವಂದನೆ ಹೇಳಿದರೆ ಮನೆಯಲ್ಲಿ ನಗುತ್ತಾಳೆ, ಹಾಗಾಗಿ ಹೇಳುವುದಿಲ್ಲ. ಬುಟ್ಟಿಯಲ್ಲಿರುವವರಿಗೆ ಸಂಜೆ ಹೊತ್ತಿಗೆ ಹಾಲು ಹಾಕಬೇಕು. ಅದು ನಾನು ವಾಕಿಂಗ್ ಹೋಗುತ್ತಿದ್ದ ಸಮಯ. ನಾಳೆಯಿಂದ ಆ ಕೆಲಸ ನನ್ನದು.

ಸಿಮೆಂಟ್ ಎದ್ದಿದ್ದಾನೆ. ಟೀಚರ್ ಜೊತೆ ಬಾಗಿಲು ದಾಟುತ್ತಿದ್ದಾನೆ. ಹಿಂದೆ ತಿರುಗಿ ನೋಡುತ್ತಾನೋ ಇಲ್ಲವೋ, ನೋಡುವ ಆಸೆ ನನಗೂ ಇದೆ. ಆದರೆ ಈಗ ಸದ್ದು ಬೇಡ, ಕರೆಯುವುದು ಬೇಡ. ಎತ್ತಿದ ಕೈಗಳನ್ನು ಸದ್ದಿಲ್ಲದೆ ಹಾಗೆಯೇ ಜೋಡಿಸಿ. ನಾನೂ ಜೋಡಿಸುತ್ತೇನೆ. ಚಪ್ಪಾಳೆಗೆ ಬದಲು ಅಷ್ಟು ಸಾಕು.

ನಮಸ್ಕಾರ.